‘ಕೈಂಡ್ ಆಫ್ ಬ್ಲೂ’ ಮೊದಲ ಸೈಡ್ ಕೀಬೋರ್ಡ್ ಶ್ರುತಿಗೆ ಸೇರುತ್ತಿಲ್ಲ: ಟರ್ನ್‌ಟೇಬಲ್ ದೋಷವೋ, ರೆಕಾರ್ಡಿನದೋ?

ಎರಡನೇಕಾಲ:

ನಮಸ್ಕಾರ. ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಎಲ್‌ಪಿ ಹಾಕಿಕೊಂಡು ಜೊತೆಗೆ ಕೀಬೋರ್ಡ್ ನುಡಿಸುವ ಅಭ್ಯಾಸಕ್ಕೆ ಒಂದು ತೊಡಕು ಬಂದಿದೆ. ರೆಕಾರ್ಡು 70ರ ದಶಕದ ಸ್ಟೀರಿಯೋ ಮರುಮುದ್ರಣ, ಬೆಲ್ಟ್ ಡ್ರೈವ್ ಟರ್ನ್‌ಟೇಬಲ್. ಕೀಬೋರ್ಡ್ ಎ=440ಕ್ಕೆ (ಎ ಸ್ವರ 440 ಹರ್ಟ್ಸ್, ಮಾಮೂಲಿ ಶ್ರುತಿ) ಇದೆ.

ಪುಸ್ತಕಗಳಲ್ಲೆಲ್ಲ ‘ಸೋ ವಾಟ್’ ಡಿ ಡೋರಿಯನ್, ಅಂದರೆ ಡಿ ಆಧಾರಸ್ವರವಾದ ಸ್ವರಶ್ರೇಣಿ, ಅಂತ ಇದೆ. ಡಿ ಒತ್ತಿದರೆ ರೆಕಾರ್ಡು ಅದಕ್ಕಿಂತ ಮೇಲಿದೆ, ಇ ಫ್ಲ್ಯಾಟ್ ಒತ್ತಿದರೆ ಕೆಳಗಿದೆ. ‘ಫ್ರೆಡ್ಡಿ ಫ್ರೀಲೋಡರ್’ ಮತ್ತು ‘ಬ್ಲೂ ಇನ್ ಗ್ರೀನ್’ ಕೂಡ ಹಾಗೇ. ತಿರುಗಿಸಿ ‘ಆಲ್ ಬ್ಲೂಸ್’ ಹಾಕಿದರೆ ಮಾತ್ರ ಶ್ರುತಿ ಚೆನ್ನಾಗಿ ಕೂಡುತ್ತದೆ. ಟರ್ನ್‌ಟೇಬಲ್ ಕೆಟ್ಟಿದ್ದರೆ ಎರಡೂ ಸೈಡಿನಲ್ಲಿ ಕೆಡಬೇಕಲ್ಲ? ಇದಕ್ಕೆ ಕಾರಣವೇನು, ಸರಿಮಾಡುವ ದಾರಿ ಏನು?

ಇನ್ನೊಂದು. ಇದಾದ ಮೇಲೆ ಸ್ಟ್ಯಾಂಡರ್ಡ್‌ಗಳನ್ನು, ಅಂದರೆ ಜಾಝ್‌ನವರೆಲ್ಲ ನುಡಿಸುವ ಹಳೆಯ ಜನಪ್ರಿಯ ಹಾಡುಗಳನ್ನು, ಕಲಿಯಬೇಕು. ಯಾವ ರೆಕಾರ್ಡಿಂಗ್ ಇಟ್ಟುಕೊಂಡು ಶುರುಮಾಡಿದರೆ ಒಳ್ಳೆಯದು?

ತಂತಿಮೀಟು:

ನಿಮ್ಮ ಕಿವಿ ಸರಿಯಾಗಿದೆ, ದೋಷ ಮೊದಲ ಸೈಡಿನದೇ. 1959ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಈ ಆಲ್ಬಮ್ ಹೀಗೇ ಮಾರಾಟವಾಗಿದೆ.

ಮೊದಲ ಸೈಡಿನ ಮೂರೂ ಟ್ರ್ಯಾಕ್‌ಗಳನ್ನು 1959ರ ಮಾರ್ಚ್ 2ರಂದು, ಎರಡನೇ ಸೈಡಿನ ಎರಡನ್ನು ಏಪ್ರಿಲ್ 22ರಂದು ರೆಕಾರ್ಡ್ ಮಾಡಿದರು. ಎರಡೂ ನ್ಯೂಯಾರ್ಕಿನ 30ನೇ ಬೀದಿಯಲ್ಲಿದ್ದ ಕೊಲಂಬಿಯಾ ಸ್ಟುಡಿಯೋದಲ್ಲಿ, ಮೂರು ಟ್ರ್ಯಾಕಿನ ಟೇಪ್ ಮೇಲೆ. ಅಲ್ಲಿ ಎರಡು ಟೇಪ್ ಯಂತ್ರ ಒಟ್ಟಿಗೇ ಓಡುತ್ತಿದ್ದವು: ಒಂದರಲ್ಲಿ ಮಾಸ್ಟರ್, ಇನ್ನೊಂದರಲ್ಲಿ ಅದು ಹಾಳಾದರೆ ಇರಲಿ ಅಂತ ಸೇಫ್ಟಿ ಪ್ರತಿ. ಮಾರ್ಚ್ 2ರಂದು ಮಾಸ್ಟರ್ ಯಂತ್ರ ಸ್ವಲ್ಪ ನಿಧಾನವಾಗಿ ಓಡಿತು. ನಿಧಾನವಾಗಿ ತುಂಬಿಕೊಂಡ ಟೇಪನ್ನು ಸರಿಯಾದ ವೇಗದ ಯಂತ್ರದಲ್ಲಿ ಓಡಿಸಿದರೆ ಅಷ್ಟೇ ಪ್ರಮಾಣದಲ್ಲಿ ವೇಗ ಹೆಚ್ಚುತ್ತದೆ, ಶ್ರುತಿಯೂ ಏರುತ್ತದೆ. ಅದೇ ಮಾಸ್ಟರಿನಿಂದ ಎಲ್‌ಪಿ ಕತ್ತರಿಸಿದ್ದರಿಂದ ಮೊದಲ ಸೈಡ್ ಪೂರ್ತಿ ಏರುಶ್ರುತಿಯಲ್ಲಿ ಹೊರಬಂತು. ಏಪ್ರಿಲ್ ಹೊತ್ತಿಗೆ ಯಂತ್ರ ಸರಿಯಿತ್ತು. ಹಾಗಾಗಿ ‘ಆಲ್ ಬ್ಲೂಸ್’, ‘ಫ್ಲಮೆಂಕೋ ಸ್ಕೆಚಸ್’ ಎರಡಕ್ಕೂ ಈ ತೊಂದರೆ ಇಲ್ಲ.

ಇದನ್ನು ಸರಿಪಡಿಸಿ ಹೊರತಂದದ್ದು 1992ರ ಸಿಡಿಯಲ್ಲಿ. 1997ರಲ್ಲಿ ಸರಿವೇಗದಲ್ಲಿದ್ದ ಸೇಫ್ಟಿ ಟೇಪಿನಿಂದಲೇ ಹೊಸದಾಗಿ ಮಿಕ್ಸ್ ಮಾಡಿದರು. ಅಭ್ಯಾಸಕ್ಕೆ ಅದೇ ಸಾಕು. ಒಂದೇ ಎಚ್ಚರಿಕೆ: ಯುರೋಪಿನಲ್ಲಿ 1959ರ ರೆಕಾರ್ಡಿಂಗ್‌ಗಳ ಹಕ್ಕಿನ ಅವಧಿ ಮುಗಿದಿರುವುದರಿಂದ ಸಣ್ಣಪುಟ್ಟ ಕಂಪನಿಗಳು ತಮ್ಮದೇ ಎಲ್‌ಪಿ ಹೊರಡಿಸುತ್ತವೆ. ಹಳೇ ಪ್ಲೇಟಿನಿಂದ ನಕಲು ಮಾಡಿದ್ದಾದರೆ ತಪ್ಪು ವೇಗವೂ ಹಾಗೇ ಇಳಿದು ಬಂದಿರುತ್ತದೆ. ಕವರ್ ಹೊಸದು ಅಂದಮಾತ್ರಕ್ಕೆ ಶ್ರುತಿ ಸರಿ ಇದೆ ಅಂದುಕೊಳ್ಳಬೇಡಿ.

ಪರೀಕ್ಷೆಗೆ ‘ಸೋ ವಾಟ್’ನಷ್ಟು ಅನುಕೂಲದ ಟ್ರ್ಯಾಕ್ ಬೇರೆ ಇಲ್ಲ. ಪೀಠಿಕೆ ಮುಗಿದ ಮೇಲೆ ಪಾಲ್ ಚೇಂಬರ್ಸ್ ಬಾಸ್‌ನಲ್ಲಿ ಪಲ್ಲವಿ ಕೇಳುತ್ತಾರೆ, ಅದಕ್ಕೆ ಬಿಲ್ ಇವಾನ್ಸ್ ಪಿಯಾನೋದಲ್ಲಿ ಎರಡು ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗುಂಪು) ಉತ್ತರ ಕೊಡುತ್ತಾರೆ. ಕೆಳಗಿನಿಂದ ಮೇಲಕ್ಕೆ ಮೊದಲ ಕಾರ್ಡ್ ಇ-ಎ-ಡಿ-ಜಿ-ಬಿ, ಎರಡನೆಯದು ಡಿ-ಜಿ-ಸಿ-ಎಫ್-ಎ. ಮೂರು ಚತುರ್ಥಗಳ ಮೇಲೆ ಒಂದು ಮೇಜರ್ ಥರ್ಡ್. ಇವೆರಡನ್ನೂ ಬಿಳಿ ಮನೆಗಳಲ್ಲೇ ಒತ್ತಬಹುದು. ರೆಕಾರ್ಡಿನ ಜೊತೆಗೇ ಒತ್ತಿ. ಸರಿಪಡಿಸಿದ ಆವೃತ್ತಿಯಲ್ಲಿ ಎರಡೂ ಒಂದಾಗುತ್ತವೆ, ನಿಮ್ಮ ಪ್ಲೇಟಿನಲ್ಲಿ ಅಲೆಅಲೆಯಾಗಿ ಅದುರು ಕೇಳಿಸುತ್ತದೆ. ಬಾಸ್ ಅಥವಾ ಟ್ರಂಪೆಟ್ ನೋಡಿ ಶ್ರುತಿ ತೀರ್ಮಾನಿಸಬೇಡಿ. ಊದುವವರು, ತಂತಿ ಒತ್ತುವವರು ಸ್ವರವನ್ನು ಆಚೀಚೆ ಎಳೆಯುತ್ತಾರೆ. ಸ್ಟುಡಿಯೋ ಪಿಯಾನೋ ಒಂದೇ ಕದಲದೆ ನಿಲ್ಲುವ ಆಧಾರ.

ಲೇತ್_ಕಟರ್:

ಮೇಲಿನ ಉತ್ತರ ಸರಿ. ಆದರೂ ಟರ್ನ್‌ಟೇಬಲನ್ನು ಒಮ್ಮೆ ಅಳೆದುಬಿಡಿ. ಎರಡನೇ ಸೈಡ್ ಕಿವಿಗೆ ಸರಿ ಅನ್ನಿಸಿದರೂ ಅರ್ಧ ಪರ್ಸೆಂಟ್ ಹೆಚ್ಚುಕಮ್ಮಿ ಇರಬಹುದು. ಅದು ಮೊದಲ ಸೈಡಿನ ಲೆಕ್ಕವನ್ನು ಕೆಡಿಸುತ್ತದೆ.

ಯಾವ ಉಪಕರಣವೂ ಇಲ್ಲದೆ ಅಳೆಯುವುದು ಹೀಗೆ. ತಿರುಗುವ ತಟ್ಟೆಯ ಅಂಚಿಗೆ ಬಿಳಿ ಕಾಗದದ ಚೂರು ಅಂಟಿಸಿ. ರೆಕಾರ್ಡು ಹಾಕಿ, ಸೂಜಿ ಇಳಿಸಿಯೇ ಎಣಿಸಿ, ಯಾಕೆಂದರೆ ಸೂಜಿಯ ಎಳೆತಕ್ಕೆ ದುರ್ಬಲ ಮೋಟಾರು ನಿಧಾನವಾಗುತ್ತದೆ. 33⅓ ವೇಗದಲ್ಲಿ ಸರಿಯಾಗಿ 3 ನಿಮಿಷಕ್ಕೆ 100 ಸುತ್ತು ಆಗಬೇಕು. 101 ಆದರೆ ಒಂದು ಪರ್ಸೆಂಟ್ ಜಾಸ್ತಿ, 99 ಆದರೆ ಒಂದು ಪರ್ಸೆಂಟ್ ಕಮ್ಮಿ. ಶ್ರುತಿಯ ಲೆಕ್ಕದಲ್ಲಿ ಒಂದು ಪರ್ಸೆಂಟ್ ಅಂದರೆ ಸುಮಾರು 17 ಸೆಂಟ್. ಅಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರ 100 ಸೆಂಟ್ ಅಂತ ಇಟ್ಟುಕೊಂಡಾಗಿನ ಲೆಕ್ಕ ಇದು.

ಸ್ಟ್ರೋಬ್ ತಟ್ಟೆ (ಮಿನುಗುವ ಬೆಳಕಿನಲ್ಲಿ ಗೆರೆ ನಿಂತಂತೆ ಕಂಡರೆ ವೇಗ ಸರಿ ಅಂತ ತೋರಿಸುವ ತಟ್ಟೆ) ಬಳಸುವುದಾದರೆ 50 ಹರ್ಟ್ಸ್‌ನದೇ ಬೇಕು. ನಮ್ಮ ಕರೆಂಟಿಗೆ 33⅓ರ ವೃತ್ತದಲ್ಲಿ 180 ಗೆರೆ ಇರುತ್ತವೆ, ಅಮೆರಿಕದ 60 ಹರ್ಟ್ಸ್ ತಟ್ಟೆಯಲ್ಲಿ 216. ಅದನ್ನು ಇಲ್ಲಿ ಇಟ್ಟು ನೋಡಿ, ಗೆರೆ ಓಡುತ್ತಿವೆ ಅಂತ ಮೋಟಾರು ತಿರುಚಿದರೆ ಸರಿ ಇದ್ದದ್ದೂ ಕೆಡುತ್ತದೆ. ಬೆಳಕು ಮುಖ್ಯ: ಈಗಿನ ಬಹಳಷ್ಟು ಎಲ್‌ಇಡಿ ಬಲ್ಬುಗಳು ಕರೆಂಟಿನ ತಾಳಕ್ಕೆ ಮಿನುಗುವುದಿಲ್ಲ, ಗೆರೆ ಮಸುಕಾಗಿ ಕಾಣುತ್ತದೆ ಅಷ್ಟೆ. ನಿಯಾನ್ ಟೆಸ್ಟರ್ ಬೆಳಕು ಸಾಕು.

ವಿದೇಶದಿಂದ ತಂದ ಯಂತ್ರವಾದರೆ ಇನ್ನೊಂದು ನೋಡಿ. ಎಸಿ ಸಿಂಕ್ರೊನಸ್ ಮೋಟಾರಿನ ಹಳೇ ಟರ್ನ್‌ಟೇಬಲ್‌ಗಳು ಕರೆಂಟಿನ ಆವರ್ತನದ ಮೇಲೇ ಓಡುತ್ತವೆ. 60 ಹರ್ಟ್ಸ್‌ಗೆ ಮಾಡಿದ್ದನ್ನು ಇಲ್ಲಿ ಓಡಿಸಿದರೆ ವೇಗ ಆರರಲ್ಲಿ ಐದು ಭಾಗಕ್ಕೆ ಇಳಿಯುತ್ತದೆ, ಶ್ರುತಿ ಮೂರು ಮನೆಗಿಂತ ಸ್ವಲ್ಪ ಹೆಚ್ಚೇ ಕೆಳಗೆ ಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆಯೇ ಹೊರತು ಆವರ್ತನ ಬದಲಿಸುವುದಿಲ್ಲ. ಮೋಟಾರ್ ಪುಲ್ಲಿ ಬದಲಾಯಿಸಬೇಕು.

ಶ್ರುತಿ ಒಂದೇ ಸಮ ಏರಿರುವುದು ಬೇರೆ, ತೂಗಾಡುವುದು ಬೇರೆ. ದೀರ್ಘ ಸ್ವರ 1.8 ಸೆಕೆಂಡಿಗೊಮ್ಮೆ ಮೇಲೆ ಕೆಳಗೆ ಆದರೆ ರೆಕಾರ್ಡಿನ ನಡುತೂತು ಕೇಂದ್ರದಲ್ಲಿಲ್ಲ ಅಂತ ಅರ್ಥ, ಒಂದು ಸುತ್ತಿಗೆ ಅಷ್ಟೇ ಸಮಯ. ತೂತು 1 ಮಿಲಿಮೀಟರ್ ಸರಿದಿದ್ದರೆ ಕೇಂದ್ರದಿಂದ 10 ಸೆಂಟಿಮೀಟರ್ ದೂರದ ಗ್ರೂವ್‌ನಲ್ಲಿ ಶ್ರುತಿ ಆಚೆಗೆ 17, ಈಚೆಗೆ 17 ಸೆಂಟ್ ತೂಗುತ್ತದೆ. ಒಳಗೆ ಹೋದಷ್ಟೂ ಜಾಸ್ತಿ: 6 ಸೆಂಟಿಮೀಟರ್ ಹತ್ತಿರ ಬಂದಾಗ 29 ಸೆಂಟ್. ಒಳಸುತ್ತಿನಲ್ಲಿ ಬರುವ ‘ಬ್ಲೂ ಇನ್ ಗ್ರೀನ್’ನ ಮ್ಯೂಟ್ (ಸದ್ದು ತಗ್ಗಿಸುವ ಮುಚ್ಚಳ) ಹಾಕಿದ ಟ್ರಂಪೆಟ್ ಇದನ್ನು ಸ್ವಲ್ಪವೂ ಮುಚ್ಚಿಡುವುದಿಲ್ಲ. ಕ್ರಮವಿಲ್ಲದೆ ತೂಗಿದರೆ ಬೆಲ್ಟ್ ಜೋತಿದೆ ಅಥವಾ ಪುಲ್ಲಿಯ ಮೇಲೆ ಜಿಡ್ಡು ಕೂತಿದೆ. ಐಸೊಪ್ರೊಪೈಲ್‌ನಲ್ಲಿ ಪುಲ್ಲಿ ಒರೆಸಿ, ಬೆಲ್ಟ್ ಬದಲಿಸಿ. ಅದಕ್ಕೆ ಮೊದಲು ವೇಗದ ಸ್ಕ್ರೂ ಮುಟ್ಟಬೇಡಿ.

ಎರಡನೇಕಾಲ:

ಇಬ್ಬರಿಗೂ ಧನ್ಯವಾದ. 3 ನಿಮಿಷಕ್ಕೆ 100 ಸುತ್ತು ಸರಿಯಾಗಿ ಬರುತ್ತಿದೆ, ತೂಗಾಟವೂ ಇಲ್ಲ. ಅಂದಮೇಲೆ ರೆಕಾರ್ಡೇ. ಮೊದಲ ಸೈಡನ್ನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದೇನೆ. ಧ್ವನಿ ತಿದ್ದುವ ತಂತ್ರಾಂಶ ಆಡಾಸಿಟಿಯಲ್ಲಿ ಶ್ರುತಿ ಮಾತ್ರ ಇಳಿಸಿದರೆ ಸಾಕೋ? ಎಷ್ಟು ಇಳಿಸಬೇಕು ಅಂತ ಹೇಗೆ ಗೊತ್ತಾಗುತ್ತದೆ?

ತಂತಿಮೀಟು:

ಶ್ರುತಿ ಮಾತ್ರ ಇಳಿಸಬೇಡಿ. ಇಲ್ಲಿ ಶ್ರುತಿ, ಲಯ ಎರಡೂ ಒಟ್ಟಿಗೇ ಏರಿವೆ, ಎರಡನ್ನೂ ಒಟ್ಟಿಗೇ ಇಳಿಸಬೇಕು. ‘ಚೇಂಜ್ ಪಿಚ್’ ಬಳಸಿದರೆ ಲಯ ಓಡುತ್ತಲೇ ಇರುತ್ತದೆ. ಮೇಲಾಗಿ ಆ ಸಂಸ್ಕರಣೆಯಲ್ಲಿ ಡ್ರಮ್ಮರ್ ಜಿಮ್ಮಿ ಕಾಬ್ ಅವರ ಸಿಂಬಲ್ ನೀರಿನೊಳಗಿಂದ ಬಂದ ಹಾಗೆ ಆಗುತ್ತದೆ. ಬೇಕಾದದ್ದು ‘ಚೇಂಜ್ ಸ್ಪೀಡ್’, ಹೊಸ ಆವೃತ್ತಿಯಲ್ಲಿ ‘ಚೇಂಜ್ ಸ್ಪೀಡ್ ಆ್ಯಂಡ್ ಪಿಚ್’ ಅಂತ ಇದೆ.

ಎಷ್ಟು ಅನ್ನುವುದನ್ನು ಕೀಬೋರ್ಡಿನಿಂದಲೇ ಅಳೆಯಿರಿ. ಕೀಬೋರ್ಡಿನ ಫೈನ್ ಟ್ಯೂನ್ ತೆಗೆದು ಇವಾನ್ಸ್ ಅವರ ಆ ಎರಡನೇ ಕಾರ್ಡನ್ನು ಪದೇ ಪದೇ ಕೇಳಿಸಿ, ಅದುರು ನಿಲ್ಲುವ ತನಕ ಕೀಬೋರ್ಡ್ ಏರಿಸುತ್ತಾ ಹೋಗಿ. ನಿಂತಲ್ಲಿ ಎಷ್ಟು ಸೆಂಟ್ ತೋರಿಸುತ್ತದೋ ಅದೇ ನಿಮ್ಮ ಅಂತರ. ಕೀಬೋರ್ಡ್ ಸೆಂಟ್ ಬದಲು ಹರ್ಟ್ಸ್ ತೋರಿಸಿದರೆ 440ರಿಂದ ಮೇಲಿನ ಪ್ರತಿ 1 ಹರ್ಟ್ಸ್‌ಗೆ ಸುಮಾರು 4 ಸೆಂಟ್ ಹಿಡಿಯಿರಿ. ಆಮೇಲೆ ಆಡಾಸಿಟಿಯಲ್ಲಿ 20 ಸೆಂಟ್‌ಗೆ −1.15 ಪರ್ಸೆಂಟ್, 30ಕ್ಕೆ −1.72, 40ಕ್ಕೆ −2.28, 50ಕ್ಕೆ −2.85. ನಡುವಿನದಕ್ಕೆ ನಡುವಿನ ಅಂಕಿ. ಹಾಕಿದ ಮೇಲೆ ಕೀಬೋರ್ಡನ್ನು 440ಕ್ಕೆ ತಂದು ‘ಫ್ರೆಡ್ಡಿ ಫ್ರೀಲೋಡರ್’ ಜೊತೆ ಬಿ ಫ್ಲ್ಯಾಟ್ ಒತ್ತಿ ನೋಡಿ. ಇದೊಂದರಲ್ಲಿ ಮಾತ್ರ ಪಿಯಾನೋ ಇವಾನ್ಸ್ ಅವರದಲ್ಲ, ವಿಂಟನ್ ಕೆಲ್ಲಿ ಅವರದು. ವಾದ್ಯ ಅದೇ, ದಿನವೂ ಅದೇ, ಹಾಗಾಗಿ ಇಲ್ಲೂ ಶ್ರುತಿ ಕೂಡಲೇಬೇಕು. ಅಂದಹಾಗೆ ಇದು 12 ಬಾರ್ (ಬಾರ್ ಅಂದರೆ ಇಲ್ಲಿ ನಾಲ್ಕು ಬೀಟಿನ ತುಂಡು) ಬ್ಲೂಸ್ ಆದರೂ ಕೊನೆಯ ಎರಡು ಬಾರ್ ಬಿ ಫ್ಲ್ಯಾಟ್‌ಗೆ ಮರಳದೆ ಎ ಫ್ಲ್ಯಾಟ್ ಸೆವೆಂತ್‌ನಲ್ಲಿ ನಿಲ್ಲುತ್ತವೆ. ಅಲ್ಲಿ ಬಿ ಫ್ಲ್ಯಾಟ್ ಒತ್ತಿ ಶ್ರುತಿ ಸೇರಲಿಲ್ಲ ಅಂತ ಗಾಬರಿಯಾಗಬೇಡಿ.

ಟರ್ನ್‌ಟೇಬಲ್‌ನಲ್ಲೇ ಪಿಚ್ ಕಂಟ್ರೋಲ್ ಇದ್ದರೆ ಇಷ್ಟೆಲ್ಲ ಬೇಡ. ಟೆಕ್ನಿಕ್ಸ್ ಎಸ್‌ಎಲ್-1200 ತರಹದ ಯಂತ್ರದಲ್ಲಿ 8 ಪರ್ಸೆಂಟ್ ತನಕ ಏರಿಳಿಸಬಹುದು. ಮೊದಲ ಸೈಡಿಗೆ ಇಳಿಸಿ, ಎರಡನೇ ಸೈಡಿಗೆ ಮರೆಯದೆ ಸೊನ್ನೆಗೆ ತನ್ನಿ.

ಹಳೇ ಪ್ಲೇಟು ಬಿಸಾಡಬೇಡಿ. ಎಷ್ಟೋ ಸಂಗೀತಗಾರರು ಈ ಏರುಶ್ರುತಿಯಲ್ಲೇ ಕೇಳಿ ಬೆಳೆದವರು. ಆ ವೇಗದಲ್ಲಿ ಮೊದಲ ಸೈಡಿಗೆ ತುಸು ಹೆಚ್ಚಿನ ಹೊಳಪು ಇದೆ ಅನ್ನುವುದೂ ನಿಜ. ಕೇಳಲು ಅದು ಇರಲಿ, ನುಡಿಸಲು ಸರಿಪಡಿಸಿದ್ದು.

ರಿದಂ_ಚೇಂಜಸ್:

ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ‘ಕೈಂಡ್ ಆಫ್ ಬ್ಲೂ’ನಲ್ಲಿ ಒಂದೇ ಒಂದು ಸ್ಟ್ಯಾಂಡರ್ಡ್ ಇಲ್ಲ ಅನ್ನುವುದನ್ನು ಮೊದಲು ಗಮನಿಸಿ. ‘ಸೋ ವಾಟ್’ 32 ಬಾರ್‌ಗಳ ಎಎಬಿಎ ಚೌಕಟ್ಟು, ಅಂದರೆ ಎಂಟೆಂಟು ಬಾರಿನ ನಾಲ್ಕು ಭಾಗ, ಮೂರನೆಯದು ಮಾತ್ರ ಬೇರೆ. ಡಿ ಮೇಲೆ 16 ಬಾರ್, ಇ ಫ್ಲ್ಯಾಟ್ ಮೇಲೆ 8, ಮತ್ತೆ ಡಿ ಮೇಲೆ 8. ನಮ್ಮ ಕಿವಿಗೆ ಇದು ಖರಹರಪ್ರಿಯದ ಸ್ವರಗಳು, ನಡುವೆ ಷಡ್ಜವೇ ಅರ್ಧ ಸ್ವರ ಮೇಲೆ ಸರಿದು ವಾಪಸ್ಸು ಬರುತ್ತದೆ. ಕರ್ನಾಟಕ ಸಂಗೀತ ಗೊತ್ತಿದ್ದವರಿಗೆ ಸುಲಭವಾಗಿ ಒಲಿಯುತ್ತದೆ. ಸ್ಟ್ಯಾಂಡರ್ಡ್‌ನಲ್ಲಿ ಕಷ್ಟ ಬೇರೆ ರೀತಿಯದು: ಬಾರಿಗೊಂದು ಕಾರ್ಡ್ ಬದಲಾಗುತ್ತದೆ, ಪ್ರತಿ ಬದಲಾವಣೆಯನ್ನೂ ನುಡಿಸುವ ಸಾಲಿನಲ್ಲೇ ಕೇಳಿಸಬೇಕು. ಷಡ್ಜ-ಪಂಚಮದ ಮೇಲೆ ಆಲಾಪನೆ ಬೆಳೆಸುವ ರೂಢಿಯಲ್ಲಿ ಅಲ್ಲಿಗೆ ಹೋದರೆ ನಾಲ್ಕನೇ ಬಾರಿನಲ್ಲೇ ಸಿಕ್ಕಿಬೀಳುತ್ತೀರಿ.

ಶುರುಮಾಡಲು ‘ಆಟಮ್ ಲೀವ್ಸ್’. ಜೋಸೆಫ್ ಕೋಸ್ಮಾ ಅವರ ಫ್ರೆಂಚ್ ಹಾಡು, ಇಂಗ್ಲಿಷ್ ಸಾಹಿತ್ಯ ಜಾನಿ ಮರ್ಸರ್ ಅವರದು. ಇದರ ಎರಡು ರೆಕಾರ್ಡಿಂಗ್ ಅಕ್ಕಪಕ್ಕ ಇಟ್ಟುಕೊಳ್ಳಿ. ಒಂದು ಕ್ಯಾನನ್‌ಬಾಲ್ ಆ್ಯಡರ್ಲಿ ಅವರ ‘ಸಮ್‌ಥಿನ್ ಎಲ್ಸ್’. 1958ರ ಮಾರ್ಚ್ 9ರಂದು ಹ್ಯಾಕೆನ್‌ಸ್ಯಾಕ್‌ನಲ್ಲಿ ರೂಡಿ ವ್ಯಾನ್ ಗೆಲ್ಡರ್ ರೆಕಾರ್ಡ್ ಮಾಡಿದ್ದು, ಅವರ ಹೆತ್ತವರ ಮನೆಯ ಹಾಲೇ ಸ್ಟುಡಿಯೋ. ಇನ್ನೊಂದು ಬಿಲ್ ಇವಾನ್ಸ್ ಟ್ರಿಯೋದ ‘ಪೋರ್ಟ್ರೇಟ್ ಇನ್ ಜಾಝ್’, 1959ರ ಡಿಸೆಂಬರ್ 28. ಎರಡೂ ಜಿ ಮೈನರ್‌ನಲ್ಲೇ ಇವೆ, ಹೋಲಿಸಲು ಅದೇ ಅನುಕೂಲ. ಕೆಲವು ನೋಟೇಶನ್ ಪುಸ್ತಕಗಳಲ್ಲಿ ಇ ಮೈನರ್‌ನಲ್ಲಿ ಕೊಟ್ಟಿರುತ್ತಾರೆ. ಅದನ್ನು ಇಟ್ಟುಕೊಂಡು ರೆಕಾರ್ಡಿನ ಜೊತೆ ನುಡಿಸಿದರೆ ಏನೂ ಸೇರುವುದಿಲ್ಲ, ಮತ್ತೆ ಟರ್ನ್‌ಟೇಬಲ್ ಮೇಲೆ ಅನುಮಾನ ಬರುತ್ತದೆ.

ಮೊದಲ ಎಂಟು ಬಾರ್: ಸಿ ಮೈನರ್ ಸೆವೆಂತ್, ಎಫ್ ಸೆವೆಂತ್, ಬಿ ಫ್ಲ್ಯಾಟ್ ಮೇಜರ್, ಇ ಫ್ಲ್ಯಾಟ್ ಮೇಜರ್, ಎ ಹಾಫ್ ಡಿಮಿನಿಶ್ಡ್, ಡಿ ಸೆವೆಂತ್, ಆಮೇಲೆ ಜಿ ಮೈನರ್ ಎರಡು ಬಾರ್. ಬೇರು ಸ್ವರ ಪ್ರತಿಸಲ ನಾಲ್ಕು ಸ್ವರ ಮೇಲಕ್ಕೆ ಹಾರುತ್ತದೆ. ಮೊದಲ ಅರ್ಧ ಬಿ ಫ್ಲ್ಯಾಟ್‌ನಲ್ಲಿ ಮನೆ ಸೇರುತ್ತದೆ, ಎರಡನೇ ಅರ್ಧ ಜಿ ಮೈನರ್‌ನಲ್ಲಿ. ಎಡಗೈಯಲ್ಲಿ ಬೇರು ಸ್ವರ, ಬಲಗೈಯಲ್ಲಿ ಪ್ರತಿ ಕಾರ್ಡಿನ ಮೂರನೇ ಮತ್ತು ಏಳನೇ ಸ್ವರ, ಇಷ್ಟನ್ನೇ ನುಡಿಸಿ. ಕಾರ್ಡ್ ಬದಲಾದಾಗ ಹೆಚ್ಚಿನ ಕಡೆ ಬಲಗೈಯ ಎರಡು ಬೆರಳಲ್ಲಿ ಒಂದು ಹಾಗೇ ನಿಲ್ಲುತ್ತದೆ, ಇನ್ನೊಂದು ಒಂದು ಮೆಟ್ಟಿಲು ಇಳಿಯುತ್ತದೆ. ಸಿ ಮೈನರ್‌ನಲ್ಲಿ ಇ ಫ್ಲ್ಯಾಟ್, ಬಿ ಫ್ಲ್ಯಾಟ್ ಹಿಡಿದಿದ್ದರೆ ಎಫ್ ಸೆವೆಂತ್‌ಗೆ ಇ ಫ್ಲ್ಯಾಟ್ ಅಲ್ಲೇ ಇರುತ್ತದೆ, ಬಿ ಫ್ಲ್ಯಾಟ್ ಎಗೆ ಇಳಿಯುತ್ತದೆ. ಮುಂದಿನದಕ್ಕೆ ಎ ನಿಲ್ಲುತ್ತದೆ, ಇ ಫ್ಲ್ಯಾಟ್ ಡಿಗೆ ಇಳಿಯುತ್ತದೆ. ಇದು ಕೈಗೆ ಕೂತ ಮೇಲೆ ಸೋಲೋ ಕೇಳಿದರೆ ನುಡಿಸುವವರು ಈ ಇಳಿಯುವ ಸ್ವರಗಳ ಮೇಲೇ ಹೆಜ್ಜೆ ಇಡುತ್ತಿರುವುದು ಕಾಣುತ್ತದೆ.

ಈಗ ಎರಡನ್ನೂ ಕೇಳಿ. ಆ್ಯಡರ್ಲಿ ಆಲ್ಬಮ್ಮಿನಲ್ಲಿ ಪೀಠಿಕೆಯ ನಂತರ ಪಲ್ಲವಿ ಹಿಡಿಯುವುದು ಮೈಲ್ಸ್ ಡೇವಿಸ್, ಹಾರ್ಮನ್ ಮ್ಯೂಟ್ ಹಾಕಿಕೊಂಡು. ಆಮೇಲೆ ಸೋಲೋಗಳು ಆ್ಯಡರ್ಲಿ, ಡೇವಿಸ್, ಹ್ಯಾಂಕ್ ಜೋನ್ಸ್ ಈ ಕ್ರಮದಲ್ಲಿ. ಪ್ರತಿ ಕೋರಸ್ ಅಂದರೆ 32 ಬಾರಿನ ಒಂದು ಆವರ್ತ, ಕೈಯಲ್ಲಿ ಎಣಿಸುತ್ತಾ ಕೇಳಿ. ಇವಾನ್ಸ್ ಟ್ರಿಯೋದಲ್ಲಿ ಪೀಠಿಕೆ ಮತ್ತು ಪಲ್ಲವಿ ಮುಗಿಯುತ್ತಿದ್ದಂತೆ ಪಿಯಾನೋ, ಸ್ಕಾಟ್ ಲಫಾರೋ ಅವರ ಬಾಸ್, ಪಾಲ್ ಮೋಷನ್ ಅವರ ಡ್ರಮ್ಸ್ ಮೂರೂ ತುಂಡುತುಂಡಾಗಿ ಮಾತಾಡಿಕೊಳ್ಳುತ್ತವೆ. ಅಲ್ಲಿ ಬಾಸ್ ನಡೆ ಹಿಡಿದು ಎಣಿಸುವ ಹಾಗಿಲ್ಲ, ಕಾರ್ಡ್ ಕ್ರಮ ನಿಮ್ಮ ತಲೆಯಲ್ಲೇ ಓಡುತ್ತಿರಬೇಕು. ಮೊದಲನೆಯದರಲ್ಲಿ ದಾರಿ ತಪ್ಪದೆ ಎಣಿಸಲು ಬಂದ ಮೇಲೆಯೇ ಎರಡನೆಯದಕ್ಕೆ ಕೈಹಾಕಿ. ಸಿಡಿಯಲ್ಲಿ ಇವಾನ್ಸ್ ಅವರ ‘ಆಟಮ್ ಲೀವ್ಸ್’ ಎರಡು ಸಲ ಬರುತ್ತದೆ. ಒಂದು ಟೇಕಿನಲ್ಲಿ ಸ್ಟೀರಿಯೋ ಯಂತ್ರ ಕೈಕೊಟ್ಟಿದ್ದರಿಂದ ಅದು ಮೋನೋದಲ್ಲಿ ಮಾತ್ರ ಉಳಿದಿದೆ.

ಮುಂದಿನದು ಕೋಲ್ ಪೋರ್ಟರ್ ಅವರ ‘ಎವ್ರಿ ಟೈಮ್ ವಿ ಸೇ ಗುಡ್‌ಬೈ’. ಇದನ್ನು ಮೊದಲು ಎಲ್ಲಾ ಫಿಟ್ಜ್‌ಜೆರಾಲ್ಡ್ ಅವರ 1956ರ ‘ಕೋಲ್ ಪೋರ್ಟರ್ ಸಾಂಗ್ ಬುಕ್’ನಲ್ಲಿ ಸಾಹಿತ್ಯದ ಸಮೇತ ಕೇಳಿ. ನಾರ್ಮನ್ ಗ್ರಾನ್ಜ್ ಅವರ ವರ್ವ್ ಕಂಪನಿಯ ಮೊದಮೊದಲ ಆಲ್ಬಮ್‌ಗಳಲ್ಲಿ ಒಂದು, 1964ರ ತನಕ ನಡೆದ ಸಾಂಗ್ ಬುಕ್ ಸರಣಿಗೆ ಇದೇ ನಾಂದಿ. ಇದರಲ್ಲಿ ಅವರು ಸ್ವರವನ್ನು ಬರೆದ ಹಾಗೇ ಹಾಡುತ್ತಾರೆ, ಅಲಂಕಾರ ಕಡಿಮೆ. ಮೂಲ ಧಾಟಿ ಕಲಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಹಾಡಿನ ಕೊನೆಯ ಭಾಗದಲ್ಲಿ ಸಾಹಿತ್ಯವೇ ಮೇಜರ್ ಮೈನರ್ ಆಗುವ ಮಾತಾಡುತ್ತದೆ, ಅದೇ ಜಾಗದಲ್ಲಿ ನಾಲ್ಕನೇ ಸ್ವರದ ಮೇಜರ್ ಕಾರ್ಡ್ ನಿಜವಾಗಿ ಮೈನರ್ ಆಗುತ್ತದೆ. ಇ ಫ್ಲ್ಯಾಟ್‌ನಲ್ಲಿ ನುಡಿಸಿದರೆ ಎ ಫ್ಲ್ಯಾಟ್ ಕಾರ್ಡಿನ ಸಿ ಒಂದು ಮನೆ ಇಳಿದು ಬಿ ಆಗುವುದಷ್ಟೆ, ಆದರೆ ಇಡೀ ಹಾಡು ಆ ಒಂದು ಸ್ವರಕ್ಕಾಗಿ ಕಾದಿದ್ದಂತೆ ಇರುತ್ತದೆ. ಆಮೇಲೆ ಜಾನ್ ಕೊಲ್ಟ್ರೇನ್ ಅದೇ ಹಾಡನ್ನು ‘ಮೈ ಫೇವರಿಟ್ ಥಿಂಗ್ಸ್’ ಆಲ್ಬಮ್ಮಿನಲ್ಲಿ ಸೊಪ್ರಾನೋ ಸ್ಯಾಕ್ಸೊಫೋನ್‌ನಲ್ಲಿ ಹೇಗೆ ಹಾಡಿಸಿದ್ದಾರೆ ಅಂತ ಕೇಳಿ. 1960ರ ಅಕ್ಟೋಬರಿನ ರೆಕಾರ್ಡಿಂಗ್, ಅದರ ನಾಲ್ಕೂ ಟ್ರ್ಯಾಕ್ ಸ್ಟ್ಯಾಂಡರ್ಡ್‌ಗಳೇ.

ಆದರೆ ಆ ಆಲ್ಬಮ್ಮಿನ ಶೀರ್ಷಿಕೆ ಹಾಡನ್ನು ಕೋರಸ್ ಎಣಿಸುವ ಅಭ್ಯಾಸಕ್ಕೆ ಬಳಸಬೇಡಿ. ಅಲ್ಲಿ ಸೋಲೋಗಳು ಹಾಡಿನ ಚೌಕಟ್ಟಿನ ಮೇಲೆ ಸುತ್ತುವುದಿಲ್ಲ. ಇ ಮೈನರ್ ಮತ್ತು ಇ ಮೇಜರ್ ಅನ್ನುವ ಎರಡು ನೆಲೆಯ ಮೇಲೆ ಬೇಕಾದಷ್ಟು ಹೊತ್ತು ನಿಲ್ಲುತ್ತವೆ, ಹಾಗಾಗಿಯೇ 13 ನಿಮಿಷ ದಾಟುತ್ತದೆ.

ಮೂರನೆಯದಾಗಿ ಡೇವಿಸ್ ಅವರ ಪ್ರೆಸ್ಟೀಜ್ ಆಲ್ಬಮ್‌ಗಳು. 1956ರ ಮೇ 11 ಮತ್ತು ಅಕ್ಟೋಬರ್ 26, ಎರಡೇ ದಿನದಲ್ಲಿ ಕಂಪನಿಯ ಒಪ್ಪಂದ ಮುಗಿಸಲು ನುಡಿಸಿದ್ದು ನಾಲ್ಕು ಆಲ್ಬಮ್‌ಗಳಾಗಿ ಬಂತು. ಹೆಚ್ಚಿನವು ಒಂದೇ ಟೇಕ್, ರಾತ್ರಿ ಕ್ಲಬ್‌ನಲ್ಲಿ ನುಡಿಸುತ್ತಿದ್ದ ಪಟ್ಟಿಯೇ ಇದು. ‘ರಿಲ್ಯಾಕ್ಸಿನ್’ನಲ್ಲಿ ‘ಯು ಆರ್ ಮೈ ಎವ್ರಿಥಿಂಗ್’ ಶುರುವಾಗುವುದನ್ನು ಗಮನಿಸಿ: ರೆಡ್ ಗಾರ್ಲಂಡ್ ಬಿಡಿ ಸ್ವರಗಳಲ್ಲಿ ಪೀಠಿಕೆ ತೆಗೆಯುತ್ತಾರೆ, ಡೇವಿಸ್ ಸಿಳ್ಳೆ ಹಾಕಿ ನಿಲ್ಲಿಸಿ ಬ್ಲಾಕ್ ಕಾರ್ಡ್ ಕೇಳುತ್ತಾರೆ, ಗಾರ್ಲಂಡ್ ಎರಡೂ ಕೈ ಒಟ್ಟಿಗೆ ಇಟ್ಟು ಮತ್ತೆ ಶುರುಮಾಡುತ್ತಾರೆ. ಅದೇ ಪೀಠಿಕೆ ಎರಡು ರೀತಿಯಲ್ಲಿ, ಕೆಲವೇ ಸೆಕೆಂಡುಗಳ ಅಂತರದಲ್ಲಿ. ಕೀಬೋರ್ಡ್ ಕಲಿಯುವವರು ಇದನ್ನು ಸ್ವರಸ್ವರವಾಗಿ ಬರೆದುಕೊಳ್ಳಬೇಕು.

ಹಳೇ_ಅರಗು:

ಎಲ್‌ಪಿಗಿಂತ ಹಿಂದಕ್ಕೂ ಹೋಗಿ. ಸ್ಯಾಕ್ಸೊಫೋನ್ ವಾದಕ ಕೋಲ್ಮನ್ ಹಾಕಿನ್ಸ್ ಅವರ ‘ಬಾಡಿ ಆ್ಯಂಡ್ ಸೋಲ್’ (1939ರ ಅಕ್ಟೋಬರ್ 11) ಕೇಳದೆ ಸ್ಟ್ಯಾಂಡರ್ಡ್ ಬಗ್ಗೆ ಮಾತು ಪೂರ್ತಿಯಾಗುವುದಿಲ್ಲ. ಹತ್ತು ಇಂಚಿನ 78 ಪ್ಲೇಟಿನ ಒಂದು ಬದಿಗೆ ಹಿಡಿಸುವುದು ಸುಮಾರು 3 ನಿಮಿಷ. ನಾಲ್ಕು ಬಾರ್ ಪಿಯಾನೋ ಪೀಠಿಕೆ, ಆಮೇಲೆ 32 ಬಾರಿನ ಎರಡು ಕೋರಸ್. ನಿಮಿಷಕ್ಕೆ 90ರ ಆಸುಪಾಸಿನ ನಡೆಯಲ್ಲಿ ಇಷ್ಟಕ್ಕೇ ಪ್ಲೇಟು ತುಂಬಿತು. ಸಾಮಾನ್ಯವಾಗಿ ಆಗ ಒಂದು ಕೋರಸ್ ಧಾಟಿ, ನಡುವೆ ಗಾಯಕರು, ಕೊನೆಗೆ ಮತ್ತೆ ಧಾಟಿ. ಹಾಕಿನ್ಸ್ ಮೊದಲ ಕೆಲವು ಬಾರ್‌ಗಳಲ್ಲಿ ಮಾತ್ರ ಧಾಟಿಯ ಹತ್ತಿರ ಸುಳಿಯುತ್ತಾರೆ, ಉಳಿದದ್ದೆಲ್ಲ ಕಾರ್ಡ್‌ಗಳ ಮೇಲೆ ಸ್ವಂತ ಕಟ್ಟೋಣ, ಮರಳಿ ಪಲ್ಲವಿಗೆ ಬರುವುದೇ ಇಲ್ಲ. ಅಂಥ ಪ್ಲೇಟು ಜನಪ್ರಿಯವೂ ಆಯಿತು.

ಡಿ ಫ್ಲ್ಯಾಟ್‌ನಲ್ಲಿದೆ. ನಡುವಿನ ಎಂಟು ಬಾರ್‌ನಲ್ಲಿ ಅರ್ಧ ಸ್ವರ ಮೇಲೆ ಡಿಗೆ ಹೋಗಿ, ಸಿಗೆ ಇಳಿದು, ಡಿ ಫ್ಲ್ಯಾಟ್‌ಗೆ ಮರಳುತ್ತದೆ. ಹೀಗಿರುವುದರಿಂದ ಪ್ರತಿ ವೇಗದ ತಪ್ಪಿಗೂ ಇಲ್ಲಿ ಗೊಂದಲ ಹೆಚ್ಚು. ಮೂಲ ಪ್ಲೇಟು ನುಡಿಸುವವರಿಗೆ: 60 ಹರ್ಟ್ಸ್ ದೇಶಗಳ ಗೊತ್ತಾದ ವೇಗ 78.26, 50 ಹರ್ಟ್ಸ್ ದೇಶಗಳದ್ದು 77.92. ವ್ಯತ್ಯಾಸ 7-8 ಸೆಂಟ್ ಅಷ್ಟೇ, ಕಿವಿ ಸಹಿಸುತ್ತದೆ. ಸೂಜಿ ವಿಷಯದಲ್ಲಿ ಮಾತ್ರ ರಾಜಿ ಬೇಡ. ಎಲ್‌ಪಿಯ ಸುಮಾರು 18 ಮೈಕ್ರಾನ್ ಸೂಜಿ 78ರ ಅಗಲ ಗ್ರೂವ್‌ನ ತಳ ಕೆರೆಯುತ್ತದೆ. ಬರೀ ಕರಕರ ಸದ್ದು, ಸೂಜಿಗೂ ಕೇಡು. 75 ಮೈಕ್ರಾನಿನದು ಬೇಕು.

ಎರಡನೇಕಾಲ:

ಒಳ್ಳೆಯ ಪಟ್ಟಿ, ಇಷ್ಟರಿಂದ ಶುರುಮಾಡುತ್ತೇನೆ. ಒಂದು ಗೊಂದಲ. ‘ಡೋನಾ ಲೀ’ ಅನ್ನುವ ಜಾಝ್ ಕೃತಿಯ ಕಾರ್ಡ್‌ಗಳು ಹಳೆಯ ‘ಇಂಡಿಯಾನಾ’ ಹಾಡಿನದೇ, ‘ಆರ್ನಿಥಾಲಜಿ’ಯವು ‘ಹೌ ಹೈ ದ ಮೂನ್’ನವೇ ಅಂತ ಓದಿದೆ. ಕಾರ್ಡ್ ಅದೇ ಇಟ್ಟುಕೊಂಡು ಹೆಸರು, ಧಾಟಿ ಮಾತ್ರ ಯಾಕೆ ಬದಲಿಸಿದರು? ಕೃತಿಚೌರ್ಯ ಆಗುವುದಿಲ್ಲವೇ?

ರಿದಂ_ಚೇಂಜಸ್:

ಆಗುವುದಿಲ್ಲ. ಅಮೆರಿಕದ ಕಾನೂನಿನ ರೂಢಿಯಲ್ಲಿ ಧಾಟಿಗೆ, ಸಾಹಿತ್ಯಕ್ಕೆ ಹಕ್ಕು ಉಂಟು, ಕಾರ್ಡ್ ಕ್ರಮಕ್ಕೆ ಇಲ್ಲ. 1909ರ ಕಾಯ್ದೆಯ ಪ್ರಕಾರ ಒಮ್ಮೆ ರೆಕಾರ್ಡ್ ಆದ ಹಾಡನ್ನು ಬೇರೆ ಯಾರಾದರೂ ರೆಕಾರ್ಡ್ ಮಾಡಬಹುದು, ಪ್ರತಿಯೊಂದಕ್ಕೆ 2 ಸೆಂಟ್ ಹಕ್ಕುದಾರರಿಗೆ ಕೊಟ್ಟರಾಯಿತು. 1978ರ ತನಕ ದರ ಅಷ್ಟೇ ಇತ್ತು. ಸ್ಟ್ಯಾಂಡರ್ಡ್‌ಗಳು ಸಾವಿರಾರು ಪ್ಲೇಟುಗಳಲ್ಲಿ ಬರಲು ಇದೂ ಒಂದು ಕಾರಣ, ಯಾರನ್ನೂ ಕಾಡಿ ಬೇಡಿ ಅನುಮತಿ ಪಡೆಯಬೇಕಿರಲಿಲ್ಲ. ಆದರೆ ಸಣ್ಣ ಕಂಪನಿಗಳಿಗೆ ಆ 2 ಸೆಂಟೂ ಉಳಿಸುವ ಆಸೆ. ಹಳೇ ಕಾರ್ಡ್‌ಗಳ ಮೇಲೆ ಹೊಸ ಧಾಟಿ ಕಟ್ಟಿದರೆ ಅದು ಹೊಸ ಕೃತಿ, ಹಕ್ಕೂ ಹೊಸಬರದು. ಸಂಗೀತಗಾರರಿಗೂ ಲಾಭವಿತ್ತು: ಕಾರ್ಡ್ ಎಲ್ಲರಿಗೂ ಬಾಯಿಪಾಠ, ರಿಹರ್ಸಲ್ ಬೇಕಿಲ್ಲ. ದುಡ್ಡಿನ ಲೆಕ್ಕವೊಂದೇ ಕಾರಣ ಅಂತ ಹೇಳುವವರ ಮಾತು ನಾನು ಒಪ್ಪುವುದಿಲ್ಲ. ಹಳೆಯ ಧಾಟಿಗಳು 1940ರ ದಶಕದ ಬೀಬಾಪ್ ಶೈಲಿಯ ಹೊಸ ವೇಗಕ್ಕೆ, ವಕ್ರ ಸಾಲುಗಳಿಗೆ ಹೊಂದುತ್ತಿರಲಿಲ್ಲ, ಹೊಸ ಭಾಷೆಗೆ ಹೊಸ ಪಲ್ಲವಿ ಬೇಕೇ ಬೇಕಿತ್ತು.

ಇದು ಬರೀ ಹಳೇ ಕಾಲದ ಉಪಾಯ ಅಲ್ಲ. ನಮ್ಮ ಕದ್ರಿ ಗೋಪಾಲನಾಥ್ ಜೊತೆ ‘ಕಿನ್ಸ್‌ಮೆನ್’ (2008) ಮಾಡಿದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಂತಪ್ಪ 2015ರ ‘ಬರ್ಡ್ ಕಾಲ್ಸ್’ನಲ್ಲಿ ಬೀಬಾಪ್ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಅವರ ಕೃತಿಗಳನ್ನೇ ಬಿಡಿಸಿ ಬೇರೆ ಕೃತಿಗಳಾಗಿ ಕಟ್ಟಿದ್ದಾರೆ.

ಕಣ್ಣಿಗೆ ಕಟ್ಟುವ ಉದಾಹರಣೆ ಬೇಕಾದರೆ ಪಾರ್ಕರ್ ಅವರ ‘ಕೋ ಕೋ’, 1945ರ ನವೆಂಬರ್ 26, ಸವಾಯ್ ಕಂಪನಿ. ಕಾರ್ಡ್‌ಗಳು ರೇ ನೋಬಲ್ ಅವರ ‘ಚೆರೋಕಿ’ಯವು. ಮೊದಲ ಟೇಕಿನಲ್ಲಿ ಪೀಠಿಕೆ ಮುಗಿದು ‘ಚೆರೋಕಿ’ ಧಾಟಿಯನ್ನೇ ಎತ್ತಿಕೊಂಡಾಗ ನುಡಿಸುವುದನ್ನು ಅಲ್ಲೇ ನಿಲ್ಲಿಸಿಬಿಟ್ಟರು. ಆ ತುಂಡು ಸವಾಯ್ ಸಂಪುಟಗಳಲ್ಲಿ ಈಗಲೂ ಸಿಗುತ್ತದೆ. ಬಿಡುಗಡೆಯಾದ ಟೇಕಿನಲ್ಲಿ ಪಲ್ಲವಿಯೇ ಇಲ್ಲ: 32 ಬಾರ್ ಪೀಠಿಕೆ, ಅದರಲ್ಲಿ ಎಂಟು ಜೊತೆಯಾಗಿ, ಎಂಟು ಡಿಜ್ಜಿ ಗಿಲೆಸ್ಪಿ, ಎಂಟು ಪಾರ್ಕರ್, ಎಂಟು ಮತ್ತೆ ಜೊತೆಯಾಗಿ. ತಕ್ಷಣ ಪಾರ್ಕರ್ ಅವರ ಎರಡು ಕೋರಸ್, ಮ್ಯಾಕ್ಸ್ ರೋಚ್ ಅವರ ಡ್ರಮ್ಸ್, ಪೀಠಿಕೆಯ ಸ್ವರಗಳಲ್ಲೇ ಮುಕ್ತಾಯ.

ಜೊತೆಗೆ ಎಣಿಸುವಾಗ ತಪ್ಪುವುದು ಒಂದೇ ಜಾಗದಲ್ಲಿ. ಇಲ್ಲಿ ಪ್ರತಿ ಭಾಗ 8 ಅಲ್ಲ, 16 ಬಾರ್, ಅಂದರೆ ಕೋರಸ್‌ಗೆ 64. ನಿಮಿಷಕ್ಕೆ 300ರ ಆಸುಪಾಸಿನ ನಡೆಗೆ ಒಂದು ಕೋರಸ್ 50 ಸೆಕೆಂಡ್ ಚಿಲ್ಲರೆ. ನಾಲ್ಕು ಬೀಟ್ ಎಣಿಸಲು ಹೋದರೆ ನಾಲಿಗೆ ಸೋಲುತ್ತದೆ. ಬಾರಿಗೊಂದು ತಟ್ಟು ಸಾಕು. 33ನೇ ಬಾರಿನಲ್ಲಿ ಬಿ ಫ್ಲ್ಯಾಟ್‌ನಿಂದ ಬಿ ಮೇಜರ್ ಕಡೆಗೆ ಎಗರುತ್ತದೆ, ಅಲ್ಲಿಂದ ನಾಲ್ಕು ಬಾರಿಗೊಮ್ಮೆ ಎ, ಜಿ ಅಂತ ಒಂದೊಂದು ಸ್ವರ ಇಳಿದು ಬಿ ಫ್ಲ್ಯಾಟ್ ಕಡೆಗೆ ಮರಳುತ್ತದೆ. ಆ 16 ಬಾರ್‌ಗಳ ಕಾರ್ಡನ್ನು ಕೀಬೋರ್ಡಿನಲ್ಲಿ ಅರ್ಧ ವೇಗದಲ್ಲಿ ಬೇರೆಯಾಗಿ ರೂಢಿಸಿಕೊಂಡು, ಆಮೇಲೆ ರೆಕಾರ್ಡು ಹಾಕಿ.